ಕೂತೇ ಇರುವ ಮಾಸ್ತರ

ಗುರುಸಿದ್ದವ್ವನ ಎಡ ಅಂಗೈಯ ಕೆಳಗೆ ಇನ್ನೊಂದು ಅಂಗೈ ಇರುತ್ತದೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಮೊದಲು ತನ್ನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸುತ್ತಿದ್ದಳು. ಆಮೇಲೆ ತೀರಿಹೋದ ಗಂಡ ಮುರಿಗೆಪ್ಪ ಮಾಸ್ತರರ ಬೆಳ್ಳಿ ಕರಡಿಗೆ ಬಿಚ್ಚಿ, ಅವರ ಲಿಂಗವನ್ನು ಅದೇ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆಗ ಕೆಳಗಿನಿಂದ ಒದ್ದೆ ಮಣ್ಣು ನಾರುವ ತಣ್ಣನೆಯ ಕೈಯೊಂದು ಬಂದು ಅವಳ ಕೈಯನ್ನು ಹೊತ್ತುಕೊಳ್ಳುತ್ತಿತ್ತು. ಮೊದಮೊದಲು ಹೆದರಿಕೆಯಾಗುತ್ತಿತ್ತು. ಈಗೀಗ ಅದು ಬರುವುದು ತಡವಾದರೆ ಹೆದರಿಕೆ.

ಮಾಸ್ತರರು ಎಂಬತ್ತರ ದಶಕದಲ್ಲಿ ಮೆಲನೇಷಿಯಾದ ಪುಟ್ಟ ದ್ವೀಪ ದೇಶವೊಂದಕ್ಕೆ ಗಣಿತ ಕಲಿಸಲು ಹೋದವರು. ಅಲ್ಲಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ಕೆಲಸ. ಮಗಳು ರೋಹಿಣಿ ಇನ್ನೂ ತೊಟ್ಟಿಲಲ್ಲಿದ್ದಾಗ ಮಲೇರಿಯಾ ಅವರನ್ನು ಅಲ್ಲೇ ಉಳಿಸಿಕೊಂಡಿತು. ಮನೆಗೆ ಬಂದದ್ದು ಅವರ ಅಂಗಿ, ಗಡಿಯಾರ, ಜೊತೆಗೆ ಈ ಕರಡಿಗೆ. ಆ ಶಾಲೆ ಮುಂದೆ ನರ್ಸಿಂಗ್ ಶಾಲೆ, ಕೃಷಿ ಶಾಲೆಗಳ ಜೊತೆ ಸೇರಿ ಕಾಲೇಜಾಯಿತು. ಈಗ ಅದು ಆ ದೇಶದ ರಾಷ್ಟ್ರೀಯ ವಿಶ್ವವಿದ್ಯಾಲಯ. ಮಾಸ್ತರರನ್ನು ಮಣ್ಣು ಮಾಡಿದ ಜಾಗದಲ್ಲಿ ದೊಡ್ಡ ಗ್ರಂಥಾಲಯ ಏಳಬೇಕಿದೆ. ಮನೆಯವರ ಮಾತು ಪಡೆಯದೆ ಸತ್ತವರನ್ನು ಕದಲಿಸುವುದು ಅಲ್ಲಿಯ ರೂಢಿಯಲ್ಲ. ಹಾಗಾಗಿ ಯಾವುದೋ ಮೀಟಿಂಗಿಗೆಂದು ಸಿಂಗಪುರಕ್ಕೆ ಬಂದಿದ್ದ ಅಲ್ಲಿಯ ಅಧಿಕಾರಿ ಬಾರ್ನಬಸ್, ಬುಕಿತ್ ಪಂಜಾಂಗ್‌ನ ರೋಹಿಣಿಯ ಫ್ಲ್ಯಾಟಿಗೆ ಆ ಮಧ್ಯಾಹ್ನ ಬರುವವರಿದ್ದರು.

"ಅವ್ವಾ, ಅವರು ಬರೇ ಪರ್ಮಿಷನ್ ಕೇಳಾಕ ಬರಾಕತ್ತಾರ. ನೀ ಹೂಂ ಅಂದ್ರ ಮುಗೀತು," ಎಂದಳು ರೋಹಿಣಿ, ಕುಕ್ಕರ್ ಇಳಿಸುತ್ತ.

"ಇದ್ದಾಗ ಒಂದ ಊರಾಗ ನಿಂತವರಲ್ಲ. ಸತ್ತ ಮ್ಯಾಲೂ ಟ್ರಾನ್ಸ್‌ಫರ್ ಬಿಡವಲ್ದು ನಿಮ್ಮಪ್ಪಗ!"

ಬಾರ್ನಬಸ್ ನರೆತ ಕೂದಲಿನ ಭಾರೀ ಆಳು. ಚಪ್ಪಲಿಯನ್ನು ಕಾರಿಡಾರಿನಲ್ಲೇ ಬಿಟ್ಟು, ಸೋಫಾ ತೋರಿಸಿದರೂ ಗುರುಸಿದ್ದವ್ವನ ಎದುರು ನೆಲದ ಮೇಲೆಯೇ ಕುಳಿತರು. ಮೊಮ್ಮಗಳು ಅನಘಾ, "ಅಂಕಲ್, ಸೋಫಾ ಮೇಲೆ ಕೂರಬಹುದು ಲಾ," ಎಂದು ಮಾತಿನ ಕೊನೆಗೆ 'ಲಾ' ಸೇರಿಸುವ ಸಿಂಗಪುರದ ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

"ಗುರುಗಳ ಮನೆಯಲ್ಲಿ ಹೀಗೇ ಸರಿ," ಎಂದರು ಅವರು. ಅವರ ಇಂಗ್ಲಿಷನ್ನು ರೋಹಿಣಿ ತಾಯಿಗೆ ಹೇಳುತ್ತ ಹೋದಳು.

"ನಾನು ಅವರ ವಿದ್ಯಾರ್ಥಿ. 'ನಮ್ಮವರು ಸತ್ತರೆ ಮಲಗುವುದಿಲ್ಲ, ಕೂರುತ್ತಾರೆ' ಎಂದು ಒಮ್ಮೆ ಕ್ಲಾಸಿನಲ್ಲಿ ಹೇಳಿದ್ದರು. 'ಹಾಗಾದರೆ ಸತ್ತ ಮೇಲೂ ನಮಗೆ ಲೆಕ್ಕ ಬಿಡಿಸುವುದು ತಪ್ಪಲಿಲ್ಲ' ಎಂದು ನಾವು ನಕ್ಕೆವು. ಅವರು ಹೋದಾಗ ಆ ಮಾತು ನೆನಪಾಯಿತು. ನಾವೇ ಗುಂಡಿ ತೋಡಿದೆವು. ಮಣ್ಣು ಹೆಗಲ ಮಟ್ಟ ಬರುವವರೆಗೆ ಅವರ ಬೆನ್ನು ಬಾಗದಂತೆ ಹಿಡಿದಿದ್ದವನು ನಾನು."

ರೋಹಿಣಿ ಅದನ್ನು ತಾಯಿಗೆ ಹೇಳಿ ಮುಗಿಸಿದಳು. ಬಾರ್ನಬಸ್ ಮುಂದುವರಿಸಿದರು.

"ಈಗಿನ ಹುಡುಗರಿಗೆ ಅವರ ಹೆಸರು ಗೊತ್ತಿಲ್ಲ. ಆದರೆ 'ಕೂತ ಮೇಷ್ಟ್ರು' ಎಲ್ಲರಿಗೂ ಗೊತ್ತು. ದೇಶದಲ್ಲಿ ದಂಗೆಯಾಗಿ ಕಾಲೇಜು ಮುಚ್ಚಿದ್ದಾಗ ಬೆಂಚು, ಕಿಟಕಿ ಎಲ್ಲ ಹೊತ್ತೊಯ್ದರು. ಆ ಮೂಲೆಗೆ ಮಾತ್ರ ಯಾರೂ ಕಾಲಿಡಲಿಲ್ಲ. ಅಲ್ಲಿ ಹುಲ್ಲಿನಲ್ಲಿ ಒಂದು ಕೈ ತಡಕಾಡುತ್ತದಂತೆ. ಏನನ್ನೋ ಹುಡುಕುತ್ತದಂತೆ. ಚಾಕ್‌ಪೀಸ್ ಹುಡುಕುತ್ತಿದ್ದಾರೆ ಎಂದು ಹುಡುಗರು ಪರೀಕ್ಷೆಗೆ ಮೊದಲು ಅಲ್ಲಿ ಚಾಕ್‌ಪೀಸ್ ಇಟ್ಟು ಬರುತ್ತಾರೆ."

"ಚಾಕ್‌ಪೀಸ್ ಅಲ್ಲದು," ಎಂದಳು ಗುರುಸಿದ್ದವ್ವ. ಎದ್ದುಹೋಗಿ ಕರಡಿಗೆ ತಂದಳು.

ಬಾರ್ನಬಸ್ ಅದನ್ನು ಕಂಡೊಡನೆ ಗುರುತಿಸಿದರು. "ಪ್ರಿನ್ಸಿಪಾಲರು ಅವರ ಕೊರಳಿನಿಂದ ತಾವೇ ಬಿಚ್ಚಿದರು. ಬೆಳ್ಳಿಯದು, ಮಣ್ಣಿಗೆ ಹಾಕಿದರೆ ಹೆಂಡತಿಗೆ ಮೋಸ ಮಾಡಿದಂತೆ ಎಂದರು. ಸರಿ ಮಾಡಿದೆವು ತಾನೆ?"

ರೋಹಿಣಿ ಆ ಪ್ರಶ್ನೆಯನ್ನು ತಾಯಿಗೆ ಹೇಳಲಿಲ್ಲ. "ಅವ್ವಾ, ಮಣ್ಣ ಮಾಡೂ ಮುಂದ ಇದು ಅಪ್ಪನ ಕೈಯಾಗ ಇರಬೇಕಿತ್ತಲ್ಲ?"

"ಇರಬೇಕಿತ್ತು."

"ಮತ್ತ ಇಷ್ಟ ವರ್ಷ ಯಾಕ ಸುಮ್ನಿದ್ದಿ?"

"ಕಳಿಸಿದ್ರ ಅಲ್ಲಿ ಯಾರು ಅಗದು ಕೊಡತಿದ್ರವಾ?"

ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ಕೊಟ್ಟುಬಿಟ್ಟರೆ ಬೆಳಿಗ್ಗೆ ಆ ಕೈ ಬರುವುದಿಲ್ಲ.

"ಈಗ ಎಲುಬುಗಳಷ್ಟೇ ಸಿಗುತ್ತವೆ," ಎಂದರು ಬಾರ್ನಬಸ್, ಮೆಲ್ಲಗೆ. "ಗುಡ್ಡದ ಬುಡದಲ್ಲಿ ಒಳ್ಳೆಯ ಜಾಗವಿದೆ. ಅಲ್ಲಿಯೂ ಕೂತಂತೆಯೇ ಇಡುತ್ತೇವೆ. ಜೊತೆಗೆ ಏನಾದರೂ ಇಡಬೇಕಿದ್ದರೆ ಕೊಡಿ."

ಗುರುಸಿದ್ದವ್ವ ಲಿಂಗವನ್ನು ಹೊರತೆಗೆದು ಅಂಗೈಯಲ್ಲಿಟ್ಟುಕೊಂಡಳು. ಪೂಜೆಯ ಹೊತ್ತಲ್ಲದಿದ್ದರೂ ಕೈ ಬಂತು. ಎದುರಿಗೆ ಮಗಳು, ಪರವೂರಿನವರು, ಆದರೂ ಬಂತು. ಅವಳು ಕಣ್ಣು ಮುಚ್ಚದೆ, ಮೊದಲ ಸಲ, ಅದರ ಬೆರಳುಗಳತ್ತ ಗಮನವಿಟ್ಟಳು. ಅವು ನಡುಗುತ್ತಿದ್ದವು. ಹೊತ್ತುಕೊಂಡ ಕೈ ಹೀಗೆ ನಡುಗುವುದಿಲ್ಲ. ಇದು ಚಾಚಿದ ಕೈ. ಇಷ್ಟು ವರ್ಷ ಅವರು ತನ್ನನ್ನು ಹಿಡಿದುಕೊಳ್ಳಲು ಬರುತ್ತಿದ್ದಾರೆ ಎಂದುಕೊಂಡಿದ್ದಳು. ಅವರು ಕೇಳಲು ಬರುತ್ತಿದ್ದರು. ದಿನವೂ ಬಂದು, ಕೇಳಿ, ಬರಿಗೈಯಲ್ಲಿ ಹೋಗುತ್ತಿದ್ದರು.

ಕರಡಿಗೆಯನ್ನು ಮುಚ್ಚಿ ಬಾರ್ನಬಸ್‌ರ ಕೈಗೆ ಇಟ್ಟಳು. "ಲಿಂಗ ತಗದು ಎಡಗೈಯಾಗ ಇಡಬೇಕು. ಬಲಗೈ ಅಲ್ಲ. ಸರಿಯಾಗಿ ಹೇಳ ರೋಹಿಣಿ ಅವರಿಗೆ. ಬೆಳ್ಳೀನೂ ಅಲ್ಲೇ ಇರಲಿ."

ಅಲ್ಲಿಂದ ಫೋನು ಬಂದದ್ದು ಕೆಲವು ವಾರಗಳ ನಂತರ. ಇಂದು ಸಂಜೆ ಹೊತ್ತಿಗೆ ಎಲ್ಲ ಹೇಳಿದಂತೆಯೇ ಆಯಿತು, ವಿಶ್ವವಿದ್ಯಾಲಯದ ಮಕ್ಕಳೆಲ್ಲ ಬಂದಿದ್ದರು ಎಂದರು ಬಾರ್ನಬಸ್. ಮರುದಿನ ಗುರುಸಿದ್ದವ್ವ ಪೂಜೆಗೆ ಕುಳಿತಳು. ತನ್ನದು ಮುಗಿಯಿತು. ಎಷ್ಟು ಹೊತ್ತು ಕೂತರೂ ಕೋಣೆಯಲ್ಲಿ ವಿಭೂತಿಯ ವಾಸನೆ ಬಿಟ್ಟರೆ ಬೇರೆ ಯಾವ ವಾಸನೆಯೂ ಇರಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡರೂ ಅಳು ನಿಲ್ಲಲಿಲ್ಲ.

ಶಾಲೆಯ ಯೂನಿಫಾರ್ಮಿನಲ್ಲಿ ಅನಘಾ ಓಡಿ ಬಂದಳು. "ಅಜ್ಜೀ, ಯಾಕೆ ಅಳ್ತಿದೀರ? ಯಾರಾದ್ರೂ ಸತ್ರಾ?"

"ನಿಮ್ಮಜ್ಜ, ಕೂಸ."

"ಅಜ್ಜ ಲಾಂಗ್ ಅಗೋನೇ ಸತ್ರು ಲಾ!"

"ಇಲ್ಲವಾ. ನಿನ್ನೆ ಸಂಜೀಗೆ."

ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ ರೋಹಿಣಿ ಚಪ್ಪಲಿ ಕಳಚಿದಳು. ಬ್ಯಾಗನ್ನು ನೆಲಕ್ಕಿಟ್ಟು, ಸತ್ತವರ ಮನೆಗೆ ಬಂದವಳಂತೆ ಸದ್ದಿಲ್ಲದೆ ತಾಯಿಯ ಪಕ್ಕದಲ್ಲಿ ಕುಳಿತಳು.