ಎತ್ತಿಟ್ಟ ಅಯಸ್ಕಾಂತ

೨೦೨೧ರ ಜೂನ್ ೮, ಬೆಳಿಗ್ಗೆ ಆರು ನಲವತ್ತು. ನಾರಿನ್ ಬೆಟ್ಟನಾಡಿನ ಮೇಲಿನ ಹುಲ್ಲುಗಾವಲಿನಲ್ಲಿ ಬುರುಲ್ಚಾ ಅಪಾ ಅವರ ಕಪ್ಪು ಹಸು ಬೆನ್ನು ಗೂನು ಮಾಡಿಕೊಂಡು ನಿಂತಿತ್ತು. ಹಿಂದಿನ ದಿನದಿಂದ ಮೇವು ಮುಟ್ಟಿರಲಿಲ್ಲ. ಹೆಜ್ಜೆ ಇಟ್ಟರೆ ನರಳುತ್ತಿತ್ತು. ಜ್ವರ ೩೯.೮ ಡಿಗ್ರಿ. ಅಪಾ ಅವರ ಗಂಡ ಶೇರಿಕ್‌ಬಾಯ್ ಆಗಲೇ ಚಾಕು ಮಸೆದಿಟ್ಟಿದ್ದರು. ತಾನಾಗಿ ಸತ್ತ ಹಸುವಿನ ಮಾಂಸವನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ.

"ಮಧ್ಯಾಹ್ನದ ನಮಾಜಿನವರೆಗೂ ನೋಡ್ತೀನಿ ಡಾಕ್ಟ್ರೇ. ಆಮೇಲೆ ಕುಯ್ಯೋದೇ."

"ಕುಯ್ದ ಮೇಲೆ ಮೊಮ್ಮಕ್ಕಳ ಹಾಲಿಗೆ ನಿಮ್ಮ ಗಡ್ಡ ಹಿಂಡ್ಲಾ?" ಎಂದರು ಅಪಾ.

ಹಸು ತಂತಿ ನುಂಗಿದೆಯೆಂದು ನನಗೆ ಖಾತ್ರಿಯಿತ್ತು. ಹಳೆಯ ಬೇಲಿಯ ತುಂಡುಗಳು ಹುಲ್ಲಿನಲ್ಲೇ ಬಿದ್ದಿದ್ದವು. ಅದಕ್ಕೆಂದೇ ಕಳೆದ ಶರತ್ಕಾಲದಲ್ಲಿ ಬೆರಳುದ್ದದ ಅಯಸ್ಕಾಂತವೊಂದನ್ನು ಅಪಾ ಅವರಿಗೆ ಕೊಟ್ಟು, ಹಸುವಿಗೆ ನುಂಗಿಸಲು ಹೇಳಿದ್ದೆ. ಹೊಟ್ಟೆಯಲ್ಲಿ ಅದಿದ್ದರೆ ತಂತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಗುಂಡಿಗೆಗೆ ಚುಚ್ಚಗೊಡುವುದಿಲ್ಲ.

ಎಡ ಮುಂಗಾಲಿನ ಹಿಂದೆ, ಪಕ್ಕೆಯ ಬಳಿ ದಿಕ್ಸೂಚಿ ಹಿಡಿದೆ. ಮುಳ್ಳು ಉತ್ತರ ಬಿಟ್ಟು ಕದಲಲಿಲ್ಲ.

"ಶಕ್ತಿ ಮುಗಿದುಹೋಗಿರ್ಬೇಕು," ಎಂದರು ಶೇರಿಕ್‌ಬಾಯ್.

"ಅಷ್ಟು ಬೇಗ ಮುಗಿಯಲ್ಲ ಅಜ್ಜಾ. ಹೊಟ್ಟೇಲಿ ಅಯಸ್ಕಾಂತಾನೇ ಇಲ್ಲ."

ಅಪಾ ಅವರ ಮುಖ ಕಪ್ಪಿಟ್ಟಿತು. ಗುಡಾರದೊಳಗೆ ಹೋಗಿ ಪೆಟ್ಟಿಗೆಯಿಂದ ಕಂಬಳಿತುಂಡಿನ ಗಂಟೊಂದನ್ನು ತಂದು ಬಿಚ್ಚಿದರು. ಒಳಗೆ ನಾನು ಕೊಟ್ಟಿದ್ದ ಅಯಸ್ಕಾಂತ.

"ಹಸು ಚಳಿಗಾಲವೆಲ್ಲ ಕೊಟ್ಟಿಗೇಲೇ ಇತ್ತು, ಅಲ್ಲೆಲ್ಲಿ ತಂತಿ? ಇದರ ಶಕ್ತಿ ಸುಮ್ನೆ ಖರ್ಚಾಗೋದು ಬೇಡ, ಬೇಸಿಗೆಗೆ ಇರ್ಲಿ ಅಂತ ಎತ್ತಿಟ್ಟೆ. ಇನ್ನೂ ಬೇಲಿ ಹತ್ರ ಹೋಗಿಲ್ಲ ಅಂದ್ಕೊಂಡಿದ್ದೆ ಮಗಳೇ."

"ಆ ಗೂಟ ನೋಡಿ ಅಪಾ. ವರ್ಷಗಟ್ಟಲೆ ಜೀನು ಹೊತ್ಕೊಂಡಿದೆ, ದಣಿದಿದ್ಯಾ? ಸುಮ್ನೆ ಹಿಡ್ಕೊಂಡಿರೋಕೆ ಏನೂ ಖರ್ಚಾಗಲ್ಲ. ಕಬ್ಬಿಣಾನ ಎಳ್ಕೊಳ್ವಾಗ ಅಯಸ್ಕಾಂತ ಕೊಟ್ಟ ಶಕ್ತೀನ, ಅದನ್ನ ಕಿತ್ತು ತೆಗೆಯುವಾಗ ನಿಮ್ಮ ತೋಳೇ ವಾಪಸ್ ಕೊಡುತ್ತೆ."

"ಹಾಗಾದ್ರೆ ಈ ಮುದುಕರಿಗಿಂತ ವಾಸಿ. ಇವ್ರಿಗೆ ಸುಮ್ನೆ ಕೂತ್ರೂ ಮೂರು ರೊಟ್ಟಿ ಬೇಕು."

ಕೊಳವೆಯಿಂದ ಅಯಸ್ಕಾಂತವನ್ನು ಗಂಟಲಿಗಿಳಿಸಿ, ಸೂಜಿಮದ್ದು ಕೊಟ್ಟು, ಮುಂಗಾಲುಗಳು ಎತ್ತರದಲ್ಲಿರುವಂತೆ ಹಸುವನ್ನು ಇಳಿಜಾರಿನಲ್ಲಿ ಕಟ್ಟಿದೆವು. ನಮಾಜಿನ ಹೊತ್ತಿಗೆ ಮತ್ತೆ ದಿಕ್ಸೂಚಿ ಹಿಡಿದೆ. ಮುಳ್ಳು ಸರಕ್ಕನೆ ತಿರುಗಿ ಪಕ್ಕೆಯತ್ತ ನಿಂತಿತು. ಶೇರಿಕ್‌ಬಾಯ್ ಅದನ್ನೇ ತುಂಬ ಹೊತ್ತು ನೋಡಿದರು. ಆಮೇಲೆ ಚಾಕುವನ್ನು ಒರೆಗೆ ಸೇರಿಸಿದರು.

"ನಾಳಿದ್ದು ನೋಡೋಣ."

ಮೂರನೆಯ ಬೆಳಿಗ್ಗೆ ನಾನು ಕುದುರೆಯಿಂದ ಇಳಿಯುವಾಗ ಹಸು ಮಲಗಿಕೊಂಡು ಮೆಲುಕು ಹಾಕುತ್ತಿತ್ತು. ಅಪಾ ಅದರ ಕೊರಳು ತಬ್ಬಿಕೊಂಡು ಕೂತಿದ್ದರು.

"ಕಾಯೋಣ ಅಂತ ಹೇಳಿದ್ದು ನಾನೇ," ಎಂದರು ಶೇರಿಕ್‌ಬಾಯ್.

ಅಪಾ ನಕ್ಕುಬಿಟ್ಟರು. ನಾನು ಉಷ್ಣಮಾಪಕ ತೆಗೆದು ಬೆಳಕಿಗೆ ಹಿಡಿದೆ: ೩೮.೬ ಡಿಗ್ರಿ, ಹಸುವಿಗೆ ಇರಬೇಕಾದಷ್ಟೇ.