ಕಾಗೆಬಂಡೆಯ ಉಸಿರು ಅಳೆದ ಜಾಡಿ

ನಾನು ಒಂದು ಗಾಜಿನ ಜಾಡಿ. ನನ್ನನ್ನು ಹೆತ್ತದ್ದು ಬೆಂಕಿ. ಕುಲುಮೆಯಲ್ಲಿ ಕಾಯಿಸಿ, ಕೊಳವೆಯಿಂದ ಊದಿ, ಗಿರಗಿರನೆ ತಿರುಗಿಸಿ, ಕೊನೆಗೆ ಕತ್ತಿನ ಹತ್ತಿರ ಕಚಕ್ಕನೆ ಕತ್ತರಿಸಿದರು. ಹುಟ್ಟಿದ ಗಳಿಗೆಯಲ್ಲೇ ಇಷ್ಟು ಹಿಂಸೆ ಪಟ್ಟರೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ, ಹೇಳಿ! ಉಪ್ಪಿನಕಾಯಿ ಜಾಡಿಯಾಗಿದ್ದರೆ ಯಾರದೋ ಅಡುಗೆಮನೆಯಲ್ಲಿ ಸುಖವಾಗಿ ಕೂತಿರುತ್ತಿದ್ದೆ. ನನ್ನ ಹಣೆಯಲ್ಲಿ ಬರೆದದ್ದು ಕಡಲು.

ಭಟ್ಕಳದ ಕಡೆಯ ಒಂದು ಮೀನುಗಾರರ ಊರಿಗೆ ನನ್ನನ್ನು ತಂದವಳು ಭಾಗೀರಥಿ ಮೊಗೇರ. ಅದೇ ಊರಿನ ಹುಡುಗಿ, ಓದಿ ಕಡಲ ಪಾಚಿಗಳ ಸಂಶೋಧನೆಗೆ ಇಳಿದವಳು. ಊರೆದುರಿನ ಕಾಗೆಬಂಡೆಗೆ ಕೆಂಪು ಪಾಚಿಯೊಂದು ಅಂಟಿಕೊಂಡು ಬೆಳೆಯುತ್ತದೆ. ಮೈತುಂಬ ಸುಣ್ಣ, ಕಲ್ಲಿನಷ್ಟು ಗಟ್ಟಿ. ಅವಳು ಉಳಿಯಿಟ್ಟು ಬಡಿದು ಅದರ ಚೂರು ಎಬ್ಬಿಸುತ್ತಿದ್ದಳು. ಅಲೆ ಅವಳನ್ನೇ ಎತ್ತಿ ಬಂಡೆಗೆ ಬಡಿಯುತ್ತಿತ್ತು. ಮೊಣಕಾಲಿನ ಚರ್ಮ ಕಿತ್ತು ರಕ್ತ ಸೋರಿದರೂ ನನ್ನನ್ನು ಎದೆಗವಚಿಕೊಂಡೇ ಇರುತ್ತಿದ್ದಳು.

ಚೂರನ್ನು ನನ್ನೊಳಗೆ ಹಾಕಿ ನೀರೊಳಗೇ ಮುಚ್ಚಳ ಬಿಗಿಯುವುದು ಅವಳ ಕ್ರಮ. ಒಂದು ಗುಳ್ಳೆ ಗಾಳಿಯೂ ಉಳಿಯಬಾರದು. ಮೊದಲು ನನಗೆ ಕಪ್ಪು ಬಟ್ಟೆ ಸುತ್ತುವಳು. ಕತ್ತಲಲ್ಲಿ ಪಾಚಿ ಉಸಿರಾಡಿ ನೀರಿನ ಆಮ್ಲಜನಕ ತಿನ್ನುತ್ತದೆ, ಮುಚ್ಚಳಕ್ಕೆ ಸಿಕ್ಕಿಸಿದ ಆಮ್ಲಜನಕದ ಮೀಟರಿನ ಮುಳ್ಳು ಇಳಿಯುತ್ತದೆ. ಆಮೇಲೆ ಬಟ್ಟೆ ತೆಗೆದು ಬಿಸಿಲಿಗಿಟ್ಟರೆ ಪಾಚಿ ತನ್ನ ಅನ್ನ ತಾನೇ ಬೇಯಿಸಿಕೊಂಡು ಆಮ್ಲಜನಕ ಬಿಡುತ್ತದೆ, ಮುಳ್ಳು ಏರುತ್ತದೆ. ಅಷ್ಟಕ್ಕೇ ಬಿಟ್ಟಳೇ? ಒಂದು ದಿನ ಬಿಸಿನೀರು, ಇನ್ನೊಂದು ದಿನ ಮಂಜುಗಡ್ಡೆ, ಮತ್ತೊಂದು ದಿನ ಮಳೆನೀರು ಬೆರೆಸಿದ ಸಪ್ಪೆ ಕಡಲು! ಪಾಚಿಗೂ ನನಗೂ ಜೀವ ಬಾಯಿಗೆ ಬರುತ್ತಿತ್ತು.

ಒಂದು ಸುಡುಬೇಸಿಗೆಯಲ್ಲಿ ಕಾಗೆಬಂಡೆಯ ಪಾಚಿ ಬೆಳ್ಳಗಾಯಿತು. ಭಾಗೀರಥಿಯ ಅಣ್ಣ ಜಟ್ಟಪ್ಪ ಆ ಬಂಡೆಯ ಚಿಪ್ಪಿಮೀನು ಕಿತ್ತು ಮಾರುವವರ ಮುಖಂಡ. ಸಿಟ್ಟು ಮೂಗಿನ ತುದಿಯಲ್ಲೇ.

"ಸತ್ತ ಪಾಚಿ ಇಟ್ಕಂಡು ಎಂತ ಮಾಡೂದು? ಹಾರೆ ಹಾಕಿ ಕೆರೆದು ಬಿಡ್ವ. ಬೋಳು ಕಲ್ಲಿಗೆ ಹೊಸ ಚಿಪ್ಪಿ ಕೂರ್ತದೆ" ಎಂದ.

"ಅದು ಸತ್ತಿಲ್ಲ ಅಣ್ಣ. ಮರಿಚಿಪ್ಪಿ ಕಚ್ಚಿಕಂಬೂದೇ ಆ ಪಾಚಿಗೆ. ಅದ್ನ ಕೆರೆದ್ರೆ ನಾಳೆ ಊರಿಗೇ ಚಿಪ್ಪಿ ಇಲ್ಲ. ಜೀವ ಇದ್ರೆ ಮೀಟರಿನ ಮುಳ್ಳು ಏರ್ತದೆ, ತೋರಿಸ್ತೆ, ಬಾ" ಎಂದಳು ಭಾಗೀರಥಿ.

ಊರವರು ಬಂಡೆಯ ಮೇಲೆ ಸೇರಿದರು. ಅವಳು ಬಿಳಿ ಚೂರನ್ನು ನನ್ನೊಳಗಿಟ್ಟು, ಅಭ್ಯಾಸಬಲದಿಂದ ಮೊದಲು ಕಪ್ಪು ಬಟ್ಟೆಯನ್ನೇ ಸುತ್ತಿದಳು. ಅಯ್ಯೋ ಪೆದ್ದಿ, ಇವರಿಗೆ ಮೊದಲು ಬಿಸಿಲು ತೋರಿಸೇ! ಎಂದು ಕೂಗಬೇಕೆನಿಸಿತು. ಮುಳ್ಳು ಇಳಿಯತೊಡಗಿತು.

"ಕಂಡ್ರಾ? ಇಳೀತಾ ಅದೆ! ಸತ್ತದ್ದೇ ಹೌದು!" ಜಟ್ಟಪ್ಪ ಅಬ್ಬರಿಸಿದ.

"ತಡಿ ಅಣ್ಣಾ, ಇನ್ನೂ ಬೆಳಕಿಗೆ ಇಡ್ಲಿಲ್ಲ..."

ತಡೆಯುವ ಜಾಯಮಾನವೇ ಅವನದಲ್ಲ. ನನಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಅವಳ ಕೆನ್ನೆಗೆ ಬಾರಿಸಿ, ನನ್ನನ್ನು ಕಿತ್ತುಕೊಂಡು ಬಂಡೆಗೆ ಅಪ್ಪಳಿಸಿದ. ನಾನು ನುಚ್ಚುನೂರಾದೆ. ಹೆಕ್ಕಲು ಬಾಗಿದ ಅವಳ ಅಂಗೈಯನ್ನು ನನ್ನದೇ ಚೂರು ಸೀಳಿತು. ರಕ್ತ ಕಂಡು ಜಟ್ಟಪ್ಪನ ಮುಖ ಬಿಳಚಿತು, ಆದರೆ ಹಾರೆ ನಿಲ್ಲಲಿಲ್ಲ. ಅಂದೇ ಬಂಡೆಯನ್ನು ಕೆರೆದು ಬೋಳು ಮಾಡಿದರು. ಭಾಗೀರಥಿ ಅಣ್ಣನೊಡನೆ ಮಾತು ಬಿಟ್ಟಳು.

ನನ್ನ ತಳ ಮಾತ್ರ ಹಾರೆಗೆ ಎಟುಕದ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಮಳೆಗಾಲದ ಕಡಲು ಬಡಿದು, ತೇದು, ನನ್ನ ಚೂಪನ್ನೆಲ್ಲ ಕಳೆಯಿತು. ಬಿರುಕಿನಲ್ಲಿ ಉಳಿದಿದ್ದ ಬಿಳಿ ಪಾಚಿ ಮೆಲ್ಲಗೆ ಕೆಂಪಾಯಿತು. ವರ್ಷಗಳು ಕಳೆದಂತೆ ನನ್ನ ಮೇಲೂ ಹಬ್ಬಿತು. ಸುತ್ತ ಮರಿಚಿಪ್ಪಿ ಕಚ್ಚಿಕೊಂಡವು.

ಬೋಳು ಬಂಡೆಗೆ ಒಂದೇ ಒಂದು ಚಿಪ್ಪಿಯೂ ಬರಲಿಲ್ಲ. ಹುಡುಕುತ್ತಾ ಬಂದ ಜಟ್ಟಪ್ಪ ಬಿರುಕಿಗೆ ಕೈ ಹಾಕಿದಾಗ ನಾನು ಸಿಕ್ಕಿದೆ. ತಿರುಗಿಸಿ ತಿರುಗಿಸಿ ನೋಡಿದ. ಒಂದು ಮಗ್ಗುಲು ಗಾಜು, ಇನ್ನೊಂದು ಮಗ್ಗುಲು ಕೆಂಪು ಪಾಚಿ. ಆ ಗಾಜು ಒಡೆದದ್ದು ಯಾರೆಂದು ಅವನಿಗೆ ಬೇರೆ ಹೇಳಬೇಕೆ? ಅಷ್ಟರಲ್ಲಿ ಜೊತೆಗಾರನೊಬ್ಬ ಮರಿಚಿಪ್ಪಿ ಕಂಡು ಬಿರುಕಿಗೆ ಹಾರೆ ಎತ್ತಿದ. ಜಟ್ಟಪ್ಪ ಅವನನ್ನು ಒದ್ದು ನೀರಿಗೆ ಕೆಡವಿದ.

"ಮುಟ್ಟಿದ್ರೆ ಕೈ ಕಡೀತೆ!"

ಕಡಲನೀರಿನ ಬಕೆಟ್ಟಿನಲ್ಲಿ ನನ್ನನ್ನು ಹೊತ್ತು ತಂಗಿಯ ಮುಂದಿಟ್ಟ. ಅವಳು ನನ್ನನ್ನು ಹೊಸ ಜಾಡಿಯೊಂದರ ಒಳಗಿಟ್ಟು ಮುಚ್ಚಳ ಬಿಗಿದಳು. ಅಳೆಯುತ್ತಿದ್ದ ನಾನು ಮುದಿತನದಲ್ಲಿ ಅಳೆಸಿಕೊಳ್ಳುವವನಾದೆ, ನೋಡಿ! ಕಪ್ಪು ಬಟ್ಟೆ ಸುತ್ತಿದಳು. ಮುಳ್ಳು ಇಳಿಯಿತು. ಜಟ್ಟಪ್ಪ ತುಟಿ ಕಚ್ಚಿ, ಕೈಕಟ್ಟಿ ಕೂತ. ಇಳಿಯುತ್ತಲೇ ಇತ್ತು, ಅವನು ಕೂತೇ ಇದ್ದ.

ಗಾಯದ ಗುರುತಿದ್ದ ಕೈ ಬಟ್ಟೆ ತೆಗೆಯಿತು. ಬಿಸಿಲು ನನ್ನ ಮೈಮೇಲೆ ಬಿತ್ತು. ಮುಳ್ಳು ಏರತೊಡಗಿತು.

ಜಟ್ಟಪ್ಪ ತಲೆ ತಗ್ಗಿಸಿ ಅತ್ತ. ಭಾಗೀರಥಿ ಕಪ್ಪು ಬಟ್ಟೆ ಮಡಚಿ ಅವನ ಕೈಯಲ್ಲಿಟ್ಟಳು.

"ಮುಂದಿನ ಸಲ ನೀನೇ ಸುತ್ತು, ಅಣ್ಣ."