ಹತ್ತು ಕುರ್ಚಿಗಳ ಬೆನ್ನು

ಟಿಣ್.

ತಟ್ಟೆಗೆ ಏನೋ ಸಣ್ಣದು ಬಿದ್ದ ಸದ್ದು. ಮಧ್ಯರಾತ್ರಿ ಕಳೆದಿತ್ತು. ಅವಳದು ಮೊದಲೇ ಕೋಳಿನಿದ್ದೆ. ಕಣ್ಣು ಬಿಟ್ಟರೆ ಪಕ್ಕದಲ್ಲಿ ಗಂಡ ಇಲ್ಲ. ಮತ್ತೆ ಟಿಣ್. ಸದ್ದು ಬಂದದ್ದು ಕೆಳಗಿನ ಶೆಡ್ಡಿನಿಂದ. ಬೆಳಗಾದರೆ ದಾನ ಕೊಡಬೇಕಾದ ಹತ್ತು ಗಾಲಿಕುರ್ಚಿಗಳು ಅಲ್ಲಿದ್ದವು. ಬಾಗಿಲ ಚಿಲಕವನ್ನು ಎರಡೆರಡು ಸಲ ನೋಡಿ ಮಲಗುವ ಹೆಂಗಸು, ಆದರೂ ಇಳಿದು ಹೋದಳು.

ಶೆಡ್ಡು ಮಗಳದು. ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ರಿಪೇರಿ ಮಾಡಿದವಳು, ಸಂಜೆ ಇಲ್ಲಿ ಕೂತು ಹಳೆಯ ಕುರ್ಚಿಗಳನ್ನು ಸರಿಮಾಡಿ ಬೇಕಾದವರಿಗೆ ಸುಮ್ಮನೆ ಕೊಡುತ್ತಿದ್ದಳು. ಮೂವತ್ತಾರಕ್ಕೇ ಕಾಯಿಲೆ ಅವಳನ್ನು ಒಯ್ದಿತು. ಆಮೇಲೆ ತಾಯಿ ಟೇಪು, ಸ್ಪ್ಯಾನರು ಕೈಗೆತ್ತಿಕೊಂಡಳು. "ಈ ವಯಸ್ಸಿಗೆ ಪಂಕ್ಚರ್ ಅಂಗಡಿನಾ?" ಎಂದು ಭಾವ, ಗಂಡನ ಅಣ್ಣ, ನಕ್ಕಿದ್ದರು. ಈಗ ಅದೇ ಭಾವ ಹತ್ತು ಹೊಸ ಕುರ್ಚಿ ತಂದಿದ್ದರು. ಪ್ರತಿಯೊಂದರ ಬೆನ್ನಿಗೂ ತಗಡಿನ ಫಲಕ: ಮೇಲೆ ಮಗಳ ಹೆಸರು, ಕೆಳಗೆ ಇನ್ನೂ ದಪ್ಪಕ್ಷರದಲ್ಲಿ ಭಾವನದು.

ದಾನದ ಕುರ್ಚಿ ಬಂದರೆ ಮಗಳು ಮೊದಲು ಬಿಚ್ಚುತ್ತಿದ್ದುದೇ ಇಂಥ ಫಲಕ. "ಬೆನ್ನಿಗೆ ಬೋರ್ಡು ಹಾಕ್ಕೊಂಡು ಓಡಾಡೋದು ಬಸ್ಸಿಗೆ ಸರಿ ಅಮ್ಮಾ, ಮನುಷ್ಯರಿಗಲ್ಲ" ಅನ್ನುತ್ತಿದ್ದಳು. ಇದು ಗೊತ್ತಿದ್ದೂ ತಾಯಿ ಒಪ್ಪಿಕೊಂಡುಬಿಟ್ಟಿದ್ದಳು. ಮಗಳ ಹೆಸರು ಊರೆಲ್ಲ ಓಡಾಡುತ್ತದೆ ಎಂದು ಭಾವ ಅಂದಾಗ ಬೇಡ ಅನ್ನಲು ಮನಸ್ಸು ಬಂದಿರಲಿಲ್ಲ. ಆ ಒಪ್ಪಿಗೆ ಮೂರು ದಿನದಿಂದ ಅವಳನ್ನು ಚುಚ್ಚುತ್ತಿತ್ತು.

ಶೆಡ್ಡಿನಲ್ಲಿ ಗಂಡ ನೆಲದ ಮೇಲೆ ಕೂತು ಫಲಕದ ಸ್ಕ್ರೂಗಳನ್ನು ಬಿಚ್ಚಿ ತಟ್ಟೆಗೆ ಹಾಕುತ್ತಿದ್ದರು. ಅಣ್ಣ ಹಾಕಿದ ಗೆರೆ ದಾಟದವರು. ಮಗಳು ಹೋದಮೇಲೆ ಈ ಹೊಸ್ತಿಲು ತುಳಿಯದವರು.

"ಏನ್ರೀ ಇದು?"

"ಕಾಣಲ್ವಾ? ಕಳ್ಳತನ." ತಲೆ ಎತ್ತಲಿಲ್ಲ. "ಒಂಬತ್ತಾಯ್ತು."

"ಬೆಳಿಗ್ಗೆ ಭಾವ ಕೇಳಿದ್ರೆ?"

"ಅದಕ್ಕೇ ರಾತ್ರಿ ಮಾಡ್ತಿರೋದು. ಹಗಲು ಅವನೆದುರು ನನಗೆಲ್ಲಿದೆ ಧೈರ್ಯ?"

ಹತ್ತನೆಯದಕ್ಕೆ ಕೈ ನಿಂತಿತು. ಹೆಬ್ಬೆರಳು ಮಗಳ ಹೆಸರಿನ ಮೇಲಿತ್ತು. "ಇದೊಂದು ಇರಲಿ ಕಣೇ. ಇದನ್ನೂ ತೆಗೆದ್ರೆ ಅವಳದ್ದು ಅಂತ ಏನುಳೀತು?"

ಅವಳಿಗೂ ಹಾಗೇ ಅನ್ನಿಸಿತು. ಅನ್ನಿಸಿದ್ದಕ್ಕೇ ಸಿಟ್ಟು ಬಂತು. "ಅವಳ ಮಾತು ಉಳೀತು. ಕೊಡಿ ಇಲ್ಲಿ" ಎಂದು ಸ್ಕ್ರೂಡ್ರೈವರ್ ಕಿತ್ತುಕೊಂಡಳು. ಅದು ಎರಡು ಸಲ ಜಾರಿತು. ಮೂರನೆಯ ಸಲ ಸ್ಕ್ರೂ ತಿರುಗಿತು.

ಬೆಳಿಗ್ಗೆ ಭಾವ ಫೋಟೊದವನನ್ನು ಕಟ್ಟಿಕೊಂಡು ಬರುವ ಹೊತ್ತಿಗೆ ಒಬ್ಬ ಮುದುಕಿ ಕುರ್ಚಿಯಲ್ಲಿ ಕೂತಾಗಿತ್ತು. ತಾಯಿ ಮೊಣಕಾಲೂರಿ ಆಕೆಯ ಪಾದದ ಹಲಗೆ ಎತ್ತರಿಸುತ್ತಿದ್ದಳು.

"ಫಲಕ ಎಲ್ಲಮ್ಮಾ? ಕಳ್ಳರು ಬಂದಿದ್ರಾ?"

"ಕುರ್ಚಿ ಬಿಟ್ಟು ತಗಡು ಒಯ್ಯೋ ಕಳ್ಳರು ಎಲ್ಲಿದ್ದಾರೆ ಭಾವ? ನಾನೇ ತೆಗೆದೆ."

"ಹತ್ತೂ? ಹೆತ್ತ ಮಗಳ ಹೆಸರನ್ನೂ?"

"ಅದನ್ನೂ. ಮೊದಲೇ ಬೇಡ ಅನ್ನಬೇಕಿತ್ತು, ಅನ್ನಲಿಲ್ಲ, ಅದು ನನ್ನ ತಪ್ಪು. ಕುರ್ಚಿ ವಾಪಸ್ ಬೇಕಾದ್ರೆ ಒಯ್ಯಿರಿ. ಆದ್ರೆ ಇವರನ್ನ ಎಬ್ಬಿಸೋ ಕೆಲಸ ನಿಮ್ಮದೇ."

ಮುದುಕಿ ಎರಡೂ ಕೈಯಲ್ಲಿ ಗಾಲಿ ಹಿಡಿದುಕೊಂಡಳು. "ನಾನಂತೂ ಏಳಲ್ಲಪ್ಪಾ."

ಫೋಟೊದವನು ನಗು ತಡೆಯಲಾರದೆ ಅತ್ತ ತಿರುಗಿದ. ಭಾವನ ಸಿಟ್ಟು ತಮ್ಮನತ್ತ ಹೊರಳಿತು. "ಮನೆ ಯಜಮಾನ ಅಂತೆ! ಇವಳು ಇಷ್ಟು ಮಾಡೋವಾಗ ನೀನೇನು ಮಾಡ್ತಿದ್ದೆ?"

ಗಂಡನ ಬಾಯಿ ತೆರೆಯಿತು.

"ರೀ, ಪಂಪು ತನ್ನಿ. ಹಿಂದಿನ ಗಾಲಿಗೆ ಗಾಳಿ ಕಮ್ಮಿ" ಎಂದಳು ಅವಳು, ಮಾತಿಗೆ ಅಡ್ಡ ಬಾಗಿಲು ಹಾಕಿದಂತೆ.

"ಬೆನ್ನುಮೂಳೆ ಇಲ್ಲದೋನು" ಎಂದು ಬೀದಿಗೆ ಕೇಳುವಂತೆ ಅಂದು ಭಾವ ಹೊರಟುಹೋದರು. ಕುರ್ಚಿಗಳನ್ನು ಮುಟ್ಟಲಿಲ್ಲ.

ಒಂಬತ್ತು ಬಿಚ್ಚಿದ್ದು ನಿಮ್ಮ ತಮ್ಮನೇ ಎಂದು ಹಿಂದಿನಿಂದ ಕೂಗಬೇಕೆಂದು ಅವಳಿಗೆ ಅನ್ನಿಸಿತು. ಕೂಗಿದರೆ? ಸಂಜೆಯೊಳಗೆ ಗಂಡ ಅಣ್ಣನ ಕಾಲು ಹಿಡಿಯಲು ಹೋಗುತ್ತಾರೆ. ಮತ್ತೆ ಈ ಕಡೆ ತಲೆಹಾಕುವುದಿಲ್ಲ. ಈಗ ನೋಡಿದರೆ ಪಂಪು ಒತ್ತುತ್ತಾ, "ಸಾಕಾಮ್ಮಾ, ಗಟ್ಟಿಯಾಯ್ತಾ?" ಎಂದು ಮುದುಕಿಯನ್ನು ವಿಚಾರಿಸುತ್ತಿದ್ದರು.

ಭಾವನಿಗಲ್ಲ, ಒಡಹುಟ್ಟಿದ ಅಕ್ಕನಿಗೂ ಅಲ್ಲ, ಆ ರಾತ್ರಿಯ ಮಾತನ್ನು ಯಾರಿಗೂ ಹೇಳಕೂಡದೆಂದು ಅವಳು ತೀರ್ಮಾನಿಸಿದಳು.